ಕಾಯಿಲೆಗೆ ಹೆಸರಿಡುವ ಮುನ್ನ: ಮೂಲನಿವಾಸಿಗಳ ಮನಸ್ಸಿನ ತಪಾಸಣೆ ಹೇಗೆ?

ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ, ಅಮೆರಿಕದ ಕ್ಲಿನಿಕ್‌ಗಳಲ್ಲಿ ಕೆಲಸ ಮಾಡುವ ಓದುಗರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ನರ್ಸ್‌ಗಳು, ಕೌನ್ಸೆಲರ್‌ಗಳು, ಸೈಕಾಲಜಿ ಓದುತ್ತಿರುವವರು, ಎಲ್ಲರದ್ದೂ ಅದೇ. "ಅಲ್ಲಿಯ ಮೂಲನಿವಾಸಿಗಳು ಮನಸ್ಸಿನ ತೊಂದರೆ ಅಂತ ಬಂದಾಗ ಯಾವ ಫಾರಂ ತುಂಬಿಸಬೇಕು? ನಮ್ಮ ಎಂದಿನ ಪ್ರಶ್ನಾವಳಿ ನಡೆಯುತ್ತಾ?"

ಫಾರಂ ಮೂರನೆಯ ಮಾತು. ಮೊದಲು ಸಂಬಂಧ. ಆಮೇಲೆ ಅರ್ಥ, ಅಂದರೆ ಈ ತೊಂದರೆಯನ್ನು ಆ ವ್ಯಕ್ತಿ ಮತ್ತು ಅವರ ಜನ ಏನೆಂದು ತಿಳಿದಿದ್ದಾರೆ ಅನ್ನುವುದು. ಅದಾದ ಮೇಲೆ ಫಾರಂ. ಕಾಯಿಲೆಯ ಹೆಸರು ಎಲ್ಲಕ್ಕಿಂತ ಕೊನೆಗೆ. ಈ ಸಾಲು ಹಿಂದುಮುಂದಾದರೆ ಎಂಥ ಒಳ್ಳೆಯ ಫಾರಂ ಕೂಡ ತಪ್ಪು ಉತ್ತರ ಕೊಡುತ್ತದೆ.

ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ. 'ಮೂಲನಿವಾಸಿಗಳು' ಅಂದರೆ ಒಂದು ಜನ ಅಲ್ಲ. ವಿಶ್ವಸಂಸ್ಥೆಯ ಲೆಕ್ಕದಲ್ಲಿ ಸುಮಾರು 90 ದೇಶಗಳಲ್ಲಿ 47.6 ಕೋಟಿ ಜನರಿದ್ದಾರೆ. ನ್ಯೂಜಿಲೆಂಡಿನ ಮಾವೋರಿಗಳಿಗೆ ಹೊಂದಿದ್ದು ಆರ್ಕ್‌ಟಿಕ್ ಕಡೆಯ ಇನುಯಿಟ್ ಜನರಿಗೆ ಹೊಂದಬೇಕಾಗಿಲ್ಲ. ಮಧ್ಯ ಆಸ್ಟ್ರೇಲಿಯಾದ ಪದ್ಧತಿ ಅಲ್ಲಿಯದೇ ಕರಾವಳಿಯ ಇನ್ನೊಂದು ಸಮುದಾಯಕ್ಕೂ ಹೊಂದದೇ ಹೋಗಬಹುದು. ಇಲ್ಲಿ ನಾನು ಕೊಡುವುದು ಕೆಲಸದ ಕ್ರಮ ಮಾತ್ರ. ಒಳಗಿನ ವಿವರವನ್ನು ನೀವು ಇರುವ ಜಾಗದ ಜನರಿಂದಲೇ ಕಲಿಯಬೇಕು.

ಬೇರೆ ಕ್ರಮ ಯಾಕೆ ಬೇಕು?

ಡಯಾಗ್ನೋಸಿಸ್ ಅಂದರೆ ರೋಗನಿರ್ಣಯ. ಕಾಣುವ ಲಕ್ಷಣಗಳನ್ನು ಜೋಡಿಸಿ ಒಂದು ಹೆಸರು ಕೊಡುವುದು. ಈ ಹೆಸರುಗಳಿಗೆ ಎರಡು ದೊಡ್ಡ ಪಟ್ಟಿಗಳಿವೆ: ಅಮೆರಿಕದ ಮನೋವೈದ್ಯರ ಸಂಘ ಹೊರತರುವ ಡಿಎಸ್‌ಎಂ, ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ. ಎರಡೂ ಬಹುಮಟ್ಟಿಗೆ ಪಾಶ್ಚಾತ್ಯ ಕ್ಲಿನಿಕ್‌ಗಳ ಅನುಭವದಿಂದ ಬೆಳೆದವು.

ಅಮೆರಿಕದ ಹೋಪಿ ಜನರ ಉದಾಹರಣೆ ನೋಡಿ. 1985ರಲ್ಲಿ ಸಂಶೋಧಕ ಸ್ಪೆರೊ ಮ್ಯಾನ್ಸನ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನದಲ್ಲಿ ಹೋಪಿಗಳು ಐದು ಬೇರೆ ಬೇರೆ ನೋವುಗಳನ್ನು ಗುರುತಿಸಿದ್ದರು. ಚಿಂತೆಯಿಂದ ಬರುವ ಕಾಯಿಲೆ ಒಂದು. ಎದೆ ಒಡೆದುಹೋಗುವುದು ಇನ್ನೊಂದು. ಇವುಗಳಲ್ಲಿ ಯಾವುದೂ 'ಡಿಪ್ರೆಶನ್' ಅನ್ನುವ ಪದಕ್ಕೆ ಸರಿಯಾಗಿ ಕೂರುವುದಿಲ್ಲ. ಅಂದಮೇಲೆ "ನಿಮಗೆ ಡಿಪ್ರೆಶನ್ ಇದೆಯಾ" ಅಂತ ಕೇಳಿ "ಇಲ್ಲ" ಅಂತ ಬರೆದುಕೊಂಡರೆ ನಮಗೆ ಏನು ತಿಳಿದ ಹಾಗಾಯಿತು?

ತಪ್ಪು ಎರಡು ಕಡೆಯಿಂದಲೂ ಆಗುತ್ತದೆ. ಕಾಯಿಲೆ ಅಲ್ಲದ್ದಕ್ಕೆ ಕಾಯಿಲೆಯ ಹೆಸರಿಡುವುದು ಒಂದು. "ಅವರ ಸಂಸ್ಕೃತಿನೇ ಹಾಗೆ" ಅಂತ ಹೇಳಿ ನಿಜವಾದ ಕಾಯಿಲೆಯನ್ನು ಬಿಟ್ಟುಬಿಡುವುದು ಇನ್ನೊಂದು. ಎರಡನೆಯದರ ಬಗ್ಗೆ ಮಾತು ಕಡಿಮೆ. ಆದರೆ ಚಿಕಿತ್ಸೆ ಸಿಗಬೇಕಾದವರಿಗೆ ಸಿಗದೇ ಹೋಗುವುದು ಅದರಿಂದಲೇ.

ಇದು ಕಾನೂನಿನ ಪ್ರಶ್ನೆಯೂ ಹೌದು. ಕೆನಡಾದಲ್ಲಿ ಮೆಟಿ ಅನ್ನುವ ಮೂಲನಿವಾಸಿ ಸಮುದಾಯದ ಒಬ್ಬ ಕೈದಿ ಕೋರ್ಟಿಗೆ ಹೋದರು. ಜೈಲಿನಲ್ಲಿ ತಮ್ಮ ಮೇಲೆ ಬಳಸಿದ ಮಾನಸಿಕ ಪರೀಕ್ಷೆಗಳು ಮೂಲನಿವಾಸಿಗಳ ವಿಷಯದಲ್ಲಿ ಸರಿಯಾಗಿ ಅಳೆಯುತ್ತವೆ ಅನ್ನುವುದಕ್ಕೆ ಆಧಾರವೇ ಇಲ್ಲ ಅನ್ನುವುದು ಅವರ ವಾದ. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರ ಮಾತನ್ನು ಒಪ್ಪಿತು. ಪರೀಕ್ಷೆಗಳನ್ನು ಪರಿಶೀಲಿಸದೆ ಬಳಸಿದ ಇಲಾಖೆ ಕಾನೂನಿನ ಕರ್ತವ್ಯವನ್ನು ಮುರಿದಿದೆ ಎಂದಿತು. ಅಂಥ ಅಂಕಗಳ ಮೇಲೆ ಒಬ್ಬ ಮನುಷ್ಯನ ಬಿಡುಗಡೆಯೇ ನಿಂತಿರಬಹುದು.

ಶುರು ಮಾಡುವ ಮುನ್ನ ಏನೇನು ಬೇಕು?

ಎಲ್ಲಕ್ಕಿಂತ ಮೊದಲು ಸಮಯ ಬೇಕು. ಒಂದೇ ಭೇಟಿಯಲ್ಲಿ ಮುಗಿಸುತ್ತೇನೆ ಅನ್ನುವ ಯೋಚನೆ ಬಿಡಿ. ಕನಿಷ್ಠ ಎರಡು ಮೂರು ಭೇಟಿಗಳಿಗೆ ಜಾಗ ಇಟ್ಟುಕೊಳ್ಳಿ, ಮೇಲಿನವರ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಆಮೇಲೆ ಆ ಸಮುದಾಯದ ಒಬ್ಬ ಸಲಹೆಗಾರರು ಬೇಕು. ಭಾಷೆ ಬೇರೆಯಾದರೆ ತರಬೇತಿ ಪಡೆದ ದುಭಾಷಿ ಬೇಕು. ಡಿಎಸ್‌ಎಂ-5 ಜೊತೆ 2013ರಲ್ಲಿ ಬಂದ 'ಕಲ್ಚರಲ್ ಫಾರ್ಮುಲೇಶನ್ ಇಂಟರ್‌ವ್ಯೂ' ಅನ್ನುವ 16 ಪ್ರಶ್ನೆಗಳ ಮಾತುಕತೆಯ ಮಾದರಿಯನ್ನೂ ಕೈಯಲ್ಲಿ ಇಟ್ಟುಕೊಳ್ಳಿ. ಅದು ಉಚಿತವಾಗಿ ಸಿಗುತ್ತದೆ. ಇನ್ನು ಹಂತಗಳಿಗೆ ಬರೋಣ.

ಹಂತ 1: ಆ ಜಾಗದ ಇತಿಹಾಸ ಓದಿಕೊಳ್ಳಿ

ಕೆನಡಾದಲ್ಲಿ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ಮಾಡಿ ವಸತಿ ಶಾಲೆಗಳಿಗೆ ಹಾಕಿದರು. ತಾಯ್ನುಡಿ ಆಡಿದರೆ ಶಿಕ್ಷೆ ಇತ್ತು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಆಸ್ಟ್ರೇಲಿಯಾದಲ್ಲಿ ಮಕ್ಕಳನ್ನು ಕಿತ್ತುಕೊಂಡ ಕಥೆಯನ್ನು 1997ರ ಸರ್ಕಾರಿ ವಿಚಾರಣಾ ವರದಿಯೇ ದಾಖಲಿಸಿದೆ. ಆ ಮಕ್ಕಳನ್ನು ಅಲ್ಲಿ 'ಕದ್ದ ತಲೆಮಾರುಗಳು' ಅನ್ನುತ್ತಾರೆ.

ಈ ಓದು ಬರೀ ಹಿನ್ನೆಲೆ ಮಾಹಿತಿಗೆ ಅಲ್ಲ. ನಿಮ್ಮ ಎದುರು ಕೂತ ಅಜ್ಜಿ ಅಂಥ ಶಾಲೆಯಲ್ಲಿ ಬೆಳೆದವರಾಗಿರಬಹುದು. ಕೈಯಲ್ಲಿ ಫೈಲ್ ಹಿಡಿದು ಬಂದು ಪ್ರಶ್ನೆ ಕೇಳುವ ಸರ್ಕಾರಿ ಮನುಷ್ಯ ಅವರಿಗೆ ಹೊಸಬನಲ್ಲ. ಹಿಂದೆ ಹಾಗೆ ಬಂದವರು ಮಕ್ಕಳನ್ನು ಕರೆದುಕೊಂಡು ಹೋಗಿದ್ದರು. ಅವರು ಬಾಯಿ ಬಿಡದಿದ್ದರೆ, ಮಕ್ಕಳ ವಿಷಯ ಬಂದಾಗ ಮೈ ಬಿಗಿ ಮಾಡಿಕೊಂಡರೆ, ಅದನ್ನು 'ಅನುಮಾನದ ಕಾಯಿಲೆ' ಅಂತ ಬರೆಯಬೇಡಿ. ಅನುಭವದಿಂದ ಬಂದ ಎಚ್ಚರ ಅದು.

ಎಚ್ಚರಿಕೆ: ಇತಿಹಾಸ ಓದಿದ ಮೇಲೆ ಎಲ್ಲರನ್ನೂ ಗಾಯಗೊಂಡವರಂತೆ ನೋಡುವ ಅಪಾಯವೂ ಇದೆ. ಸಂಶೋಧಕರಾದ ಮೈಕಲ್ ಚಾಂಡ್ಲರ್ ಮತ್ತು ಕ್ರಿಸ್ಟೋಫರ್ ಲಲೋಂಡ್ 1998ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಫಸ್ಟ್ ನೇಷನ್ಸ್ ಅನ್ನುವ ಮೂಲನಿವಾಸಿ ಸಮುದಾಯಗಳ ಅಧ್ಯಯನ ಪ್ರಕಟಿಸಿದರು. ಅವರು ನೋಡಿದ ಐದು ವರ್ಷಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಮುದಾಯಗಳಲ್ಲಿ ಯುವಜನರ ಒಂದು ಆತ್ಮಹತ್ಯೆಯೂ ಆಗಿರಲಿಲ್ಲ. ಆಡಳಿತ, ಶಾಲೆ, ಆರೋಗ್ಯ ಸೇವೆಗಳನ್ನು ಸಮುದಾಯವೇ ನಡೆಸುತ್ತಿದ್ದ ಕಡೆ ಪ್ರಮಾಣ ತುಂಬಾ ಕಡಿಮೆ ಇತ್ತು. ಹಾಗಾಗಿ ನೋವಿನ ಜೊತೆಗೆ ಬಲ ಎಲ್ಲಿದೆ ಅಂತಲೂ ಹುಡುಕಿ.

ಹಂತ 2: ಜೊತೆಗೆ ಯಾರು ಇರಬೇಕು, ಅವರನ್ನೇ ಕೇಳಿ

ಸಲಹೆಗಾರರು ಇದ್ದರೆ ಅರ್ಧ ತಪ್ಪು ಅಲ್ಲೇ ತಪ್ಪುತ್ತದೆ. ಆದರೆ ಯಾರು ಬೇಕಾದರೂ ಆಗುವುದಿಲ್ಲ. ಆಸ್ಟ್ರೇಲಿಯಾದ ಹಲವು ಅಬೊರಿಜಿನಲ್ (ಅಂದರೆ ಅಲ್ಲಿಯ ಮೂಲನಿವಾಸಿ) ಸಮುದಾಯಗಳಲ್ಲಿ ಕೆಲವು ಸಂಬಂಧಿಕರು ಪರಸ್ಪರ ಮಾತಾಡುವಂತಿಲ್ಲ. ಅತ್ತೆ ಮತ್ತು ಅಳಿಯ ಅದರಲ್ಲಿ ಮುಖ್ಯ. ಅಂಥ ಇಬ್ಬರನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಇಬ್ಬರೂ ಗಪ್‌ಚುಪ್. ಹೆಂಗಸರ ವಿಷಯವನ್ನು ಗಂಡಸರ ಎದುರು, ಗಂಡಸರ ವಿಷಯವನ್ನು ಹೆಂಗಸರ ಎದುರು ಆಡದಿರುವ ಕಟ್ಟುಪಾಡೂ ಇದೆ.

ಚಿಕ್ಕ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು ಅನ್ನುವುದನ್ನೂ ಮರೆಯಬೇಡಿ. ಗುಟ್ಟು ಹೊರಗೆ ಹೋಗುತ್ತದೆ ಅನ್ನುವ ಭಯದಿಂದ ಕೆಲವರಿಗೆ ತಮ್ಮ ಸಮುದಾಯದವರು ಬೇಡವಾಗಬಹುದು. ಅದೂ ಅವರ ಹಕ್ಕು. ಆದ್ದರಿಂದ ಮೊದಲ ಭೇಟಿಗೂ ಮುಂಚೆಯೇ ಕೇಳಿ: "ನಿಮ್ಮ ಜೊತೆ ಯಾರು ಕೂತರೆ ನಿಮಗೆ ಹಿತ? ಯಾರು ಬೇಡ?"

ಎಚ್ಚರಿಕೆ: ಮಕ್ಕಳನ್ನು, ಮನೆಯವರನ್ನು ದುಭಾಷಿ ಮಾಡಬೇಡಿ. ಸಾಯಬೇಕು ಅನಿಸುತ್ತಿದೆ ಅನ್ನುವ ಮಾತನ್ನು ಹನ್ನೆರಡು ವರ್ಷದ ಮಗಳ ಬಾಯಿಂದ ಹೇಳಿಸುವುದಾ?

ಹಂತ 3: ಮೊದಲ ಭೇಟಿಯಲ್ಲಿ ನಿಮ್ಮ ಪರಿಚಯ ಮೊದಲು

ಮಾವೋರಿಗಳ ಜೊತೆ ಕೆಲಸ ಮಾಡುವವರಿಗೆ ಕಲಿಸುವ ಒಂದು ಕ್ರಮವಿದೆ. ಮೊದಲು ಸ್ವಾಗತದ ಮಾತು, ಅದಕ್ಕೆ 'ಮಿಹಿಮಿಹಿ' ಅನ್ನುತ್ತಾರೆ. ಆಮೇಲೆ ಸಂಬಂಧ ಬೆಸೆಯುವುದು: ನೀವು ಯಾರು, ಎಲ್ಲಿಯವರು, ನಿಮ್ಮ ಜನ ಯಾರು. ಬಂದ ಕೆಲಸದ ಮಾತು ಅದಾದ ಮೇಲೆ. ಹೊರಡುವಾಗ ಬೀಳ್ಕೊಡುಗೆಯೂ ಸರಿಯಾಗಿ ಆಗಬೇಕು. ಪರದೇಶದಿಂದ ಹೋದ ನಿಮಗೆ ಇದು ಕಷ್ಟವಾಗುವುದಿಲ್ಲ. "ನಿಮ್ಮೂರು ಯಾವುದು, ಯಾರ ಮನೆಯವರು" ಅಂತ ಕೇಳಿ ಮಾತು ಶುರು ಮಾಡುವ ಭಾಷೆ ನಮ್ಮದು, ಅಲ್ವಾ? ಆ ಅಭ್ಯಾಸವನ್ನು ಕ್ಲಿನಿಕ್ಕಿನ ಬಾಗಿಲಲ್ಲಿ ಕಳಚಿ ಇಡಬೇಡಿ.

ಆಸ್ಟ್ರೇಲಿಯಾದಲ್ಲಿ ಇದನ್ನೇ ಬೇರೆ ರೀತಿ ಮಾಡುತ್ತಾರೆ. ಅದರ ಹೆಸರು 'ಯಾರ್ನಿಂಗ್', ಅಂದರೆ ಬಿಚ್ಚುಮನಸ್ಸಿನ ಹರಟೆ. ಅದರಲ್ಲೇ ಆರೋಗ್ಯದ ಮಾತೂ ಬರುತ್ತದೆ. ಮೇಜಿನ ಆಚೆ ಈಚೆ ಕೂರುವುದಕ್ಕಿಂತ ಪಕ್ಕ ಪಕ್ಕ ಕೂತು ಒಂದೇ ದಿಕ್ಕಿಗೆ ನೋಡುತ್ತಾ ಮಾತಾಡಿದರೆ ಎಷ್ಟೋ ಜನರಿಗೆ ಸಲೀಸು. ಹೊರಗೆ ಮರದ ನೆರಳಿದ್ದರೆ ಇನ್ನೂ ಒಳ್ಳೆಯದು.

ಇಲ್ಲಿ ಮೂರು ಕಡೆ ಎಡವುವುದು ತುಂಬಾ ಸಾಮಾನ್ಯ.

ಮೊದಲನೆಯದು ಕಣ್ಣು. ಕಣ್ಣಲ್ಲಿ ಕಣ್ಣಿಟ್ಟು ನೋಡದಿರುವುದು ಹಲವು ಕಡೆ ಗೌರವದ ಗುರುತು. ಅದನ್ನು 'ಕಣ್ಣು ಸೇರಿಸುವುದಿಲ್ಲ, ಖಿನ್ನತೆ ಇರಬಹುದು' ಅಂತ ಬರೆದರೆ ತಪ್ಪಾಗುತ್ತದೆ.

ಎರಡನೆಯದು ಮೌನ. ನೀವು ಒಂದು ಪ್ರಶ್ನೆ ಕೇಳುತ್ತೀರಿ. ಅವರು ನೆಲ ನೋಡುತ್ತಾರೆ. ಹತ್ತು ಸೆಕೆಂಡ್, ಇಪ್ಪತ್ತು ಸೆಕೆಂಡ್. ಗಡಿಯಾರದ ಟಿಕ್ ಟಿಕ್ ಕೇಳುತ್ತದೆ. ನಿಮಗೆ ತಡೆಯದೆ ಅದೇ ಪ್ರಶ್ನೆಯನ್ನು ಬೇರೆ ಮಾತಲ್ಲಿ ಕೇಳುತ್ತೀರಿ. ಅಷ್ಟರಲ್ಲಿ ಅವರು ಬಾಯಿಗೆ ತಂದಿದ್ದ ಮಾತು ವಾಪಸ್ ಹೋಯಿತು. ಆಸ್ಟ್ರೇಲಿಯಾದ ಡೇಲಿ ನದಿಯ ಕಡೆಯ ಹಿರಿಯರಾದ ಮಿರಿಯಮ್-ರೋಸ್ ಉಂಗುನ್‌ಮರ್-ಬೌಮನ್ 'ದದಿರ್ರಿ' ಅನ್ನುವ ತಮ್ಮ ಜನರ ಪದವನ್ನು ಹೊರಗಿನವರಿಗೆ ಪರಿಚಯಿಸಿದರು. ಒಳಗಿನಿಂದ ಆಲಿಸುವುದು, ಅವಸರವಿಲ್ಲದೆ ಕಾಯುವುದು ಅಂತ ಅದರ ಅರ್ಥ. ಕಾಯುವುದು ಇಲ್ಲಿ ನಿಜವಾದ ಕೆಲಸ. ಕೈಯಲ್ಲಿ ಪೆನ್ನು ಇದ್ದರೆ ಕೆಳಗಿಡಿ.

ಮೂರನೆಯದು ಸುಮ್ನೆ 'ಹೂಂ' ಅನ್ನುವುದು. ದೊಡ್ಡ ಹುದ್ದೆಯವರು ಏನು ಕೇಳಿದರೂ ಹೌದು ಅಂದುಬಿಟ್ಟರೆ ಬೇಗ ಮುಗಿಯುತ್ತದೆ ಅನ್ನುವ ಅಭ್ಯಾಸ ಪೊಲೀಸ್ ಠಾಣೆ, ಕೋರ್ಟುಗಳಲ್ಲಿ ಕಷ್ಟಪಟ್ಟ ಜನರಿಗೆ ಬಂದಿರುತ್ತದೆ. "ಧ್ವನಿ ಕೇಳಿಸುತ್ತಾ?" "ಹೂಂ." "ಯಾರೋ ಹಿಂಬಾಲಿಸುತ್ತಾರೆ ಅನಿಸುತ್ತಾ?" "ಹೂಂ." ಇಷ್ಟಕ್ಕೇ ಫೈಲಿನಲ್ಲಿ ದೊಡ್ಡ ಕಾಯಿಲೆಯ ಹೆಸರು ಬಿದ್ದುಬಿಡಬಹುದು. ಹೌದು-ಇಲ್ಲ ಪ್ರಶ್ನೆ ಬಿಟ್ಟು "ಅದರ ಬಗ್ಗೆ ಹೇಳಿ" ಅನ್ನಿ.

ಹಂತ 4: ತೊಂದರೆಯನ್ನು ಅವರ ಮಾತಲ್ಲೇ ಕೇಳಿ

ಈಗ ಆ 16 ಪ್ರಶ್ನೆಗಳ ಮಾದರಿ ಕೆಲಸಕ್ಕೆ ಬರುತ್ತದೆ. ಅದು ನಾಲ್ಕು ವಿಷಯ ಕೇಳುತ್ತದೆ. ತೊಂದರೆ ಏನು ಅಂತ ನೀವು ತಿಳಿದಿದ್ದೀರಿ? ಯಾಕೆ ಬಂತು, ಯಾರು ಆಸರೆ? ಇಲ್ಲಿಯವರೆಗೆ ಏನು ಮಾಡಿದಿರಿ, ಯಾರ ಹತ್ತಿರ ಹೋದಿರಿ? ಈಗ ಎಂಥ ಸಹಾಯ ಬೇಕು? ಇದರ ಬೇರು ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ಅವರ ಯೋಚನೆಯಲ್ಲಿದೆ. ರೋಗಿಗೆ ತನ್ನ ಕಾಯಿಲೆಯ ಬಗ್ಗೆ ತನ್ನದೇ ಒಂದು ವಿವರಣೆ ಇರುತ್ತದೆ, ಅದನ್ನು ಕೇಳದೆ ಚಿಕಿತ್ಸೆ ಮಾಡಬಾರದು ಅಂತ ಅವರು 1970ರ ದಶಕದಲ್ಲೇ ಹೇಳಿದ್ದರು.

ನನಗೆ ತುಂಬಾ ಉಪಯುಕ್ತ ಅನಿಸುವ ಪ್ರಶ್ನೆ ಇದು: "ಈ ತೊಂದರೆಯನ್ನು ನಿಮ್ಮ ಮನೆಯವರಿಗೆ ಹೇಳುವಾಗ ಏನಂತ ಹೇಳುತ್ತೀರಿ?" ಡಾಕ್ಟರಿಗೆ ಹೇಳುವ ಮಾತು ಬೇರೆ, ಅಕ್ಕನಿಗೆ ಹೇಳುವ ಮಾತು ಬೇರೆ. ಅಕ್ಕನಿಗೆ ಹೇಳುವ ಮಾತನ್ನು ಹಾಗೇ ಬರೆದುಕೊಳ್ಳಿ. ತಿದ್ದಬೇಡಿ.

ಆದರೆ ಈ ಮಾದರಿ ಎಲ್ಲ ಸಂಸ್ಕೃತಿಗಳಿಗೂ ಆಗಲಿ ಅಂತ ಮಾಡಿದ್ದು. ಮೂಲನಿವಾಸಿಗಳಿಗೆ ಮುಖ್ಯವಾದ ಕೆಲವು ವಿಷಯಗಳನ್ನು ನೀವೇ ಸೇರಿಸಬೇಕು. ನೆಲ ಅದರಲ್ಲಿ ಮೊದಲನೆಯದು. ನ್ಯೂಜಿಲೆಂಡಿನ ಮಾವೋರಿ ಮನೋವೈದ್ಯ ಮೇಸನ್ ಡ್ಯೂರಿ 1980ರ ದಶಕದಲ್ಲಿ ಮುಂದಿಟ್ಟ ಚೌಕಟ್ಟಿನ ಹೆಸರು 'ಟೆ ಫಾರೆ ಟಪಾ ಫಾ'. ಆರೋಗ್ಯವನ್ನು ಅದು ನಾಲ್ಕು ಗೋಡೆಯ ಮನೆಗೆ ಹೋಲಿಸುತ್ತದೆ: ದೇಹ, ಮನಸ್ಸು, ಆತ್ಮ, ಕುಟುಂಬ. ಮನೆ ನಿಂತಿರುವುದು ನೆಲದ ಮೇಲೆ. ಒಂದು ಗೋಡೆ ಕುಸಿದರೂ ಮನೆ ವಾಲುತ್ತದೆ. ಆಸ್ಟ್ರೇಲಿಯಾದ ಮೂಲನಿವಾಸಿ ತಜ್ಞರ ಚೌಕಟ್ಟಿನಲ್ಲಿ ಏಳು ಭಾಗಗಳಿವೆ: ದೇಹ, ಮನಸ್ಸು ಮತ್ತು ಭಾವನೆ, ಕುಟುಂಬ, ಸಮುದಾಯ, ಸಂಸ್ಕೃತಿ, ನೆಲ, ಪೂರ್ವಿಕರು. ನಮ್ಮ ಎಂದಿನ ಫಾರಂ ಕೇಳುವುದು ಮೊದಲ ಎರಡನ್ನು ಮಾತ್ರ.

ಹಾಗಾಗಿ ಕೇಳಿ. ನಿಮ್ಮ ನೆಲಕ್ಕೆ ಕೊನೆಯ ಸಲ ಯಾವಾಗ ಹೋಗಿದ್ದಿರಿ? ಅಲ್ಲಿದ್ದಾಗ ಹೇಗಿರುತ್ತೀರಿ? ನಿಮ್ಮನ್ನು ಬೆಳೆಸಿದವರು ಯಾರು? ನಿಮ್ಮ ಭಾಷೆ ಮನೆಯಲ್ಲಿ ಯಾರು ಆಡುತ್ತಾರೆ? ಎಲ್ಲವನ್ನೂ ಒಂದೇ ದಿನ ಕೇಳಬೇಡಿ. ಅವರು ಎಲ್ಲಿ ತಾವಾಗಿ ಬಾಗಿಲು ತೆರೆಯುತ್ತಾರೋ ಅಲ್ಲಿ ಒಳಗೆ ಹೋಗಿ.

ಎಚ್ಚರಿಕೆ: ನಗರದಲ್ಲಿ ಹುಟ್ಟಿ ಬೆಳೆದ ಮೂಲನಿವಾಸಿಗಳು ಬಹಳ ಜನ ಇದ್ದಾರೆ. ಅವರಿಗೆ ಸಂಪ್ರದಾಯ ಗೊತ್ತಿಲ್ಲದೇ ಇರಬಹುದು. ಅದನ್ನು ಅವರಿಂದ ಕಿತ್ತುಕೊಂಡದ್ದೇ ಅವರ ನೋವಾಗಿರಬಹುದು. "ನಿಮ್ಮ ಜನರಲ್ಲಿ ಇದಕ್ಕೆ ಏನಂತಾರೆ" ಅಂತ ಕೇಳಿ ಅವರನ್ನು ಪರೀಕ್ಷೆಗೆ ಕೂರಿಸಬೇಡಿ. "ನಿಮಗೆ ಇದು ಮುಖ್ಯವಾ?" ಅಂತ ಕೇಳಿದರೆ ಸಾಕು.

ಹಂತ 5: ಪ್ರಾಣಾಪಾಯ ಇದೆಯಾ? ಇದು ಯಾವ ಹಂತಕ್ಕೂ ಕಾಯುವುದಿಲ್ಲ

ಸಾಯುವ ಯೋಚನೆಯ ಸುಳಿವು ಸಿಕ್ಕಿದ ಕೂಡಲೇ ಮೇಲಿನ ಕ್ರಮವನ್ನೆಲ್ಲ ಪಕ್ಕಕ್ಕಿಟ್ಟು ನೇರವಾಗಿ, ಮೆತ್ತಗೆ ಕೇಳಿ. ಕೇಳುವುದರಿಂದ ಆ ಯೋಚನೆ ತಲೆಗೆ ಹೊಸದಾಗಿ ಬರುವುದಿಲ್ಲ. ಯೋಜನೆ ಇದೆಯಾ, ಸಾಧನ ಕೈಗೆ ಸಿಗುತ್ತಾ, ಇವತ್ತು ರಾತ್ರಿ ಜೊತೆಗೆ ಯಾರಿರುತ್ತಾರೆ, ಇಷ್ಟು ಈಗಲೇ ತಿಳಿಯಬೇಕು. ಒಬ್ಬರನ್ನೇ ಬಿಡಬೇಡಿ. ತುರ್ತು ಸೇವೆಗೆ ಕಳಿಸಬೇಕಾದರೆ ಅವರು ನಂಬುವ ಒಬ್ಬರು ಜೊತೆಗೆ ಹೋಗಲಿ.

ಹಂತ 6: ದೇಹ ನೋಡಿ, ಮುಖ್ಯವಾಗಿ ಕಿವಿ

ಥೈರಾಯ್ಡ್, ರಕ್ತಹೀನತೆ, ಸಕ್ಕರೆ ಕಾಯಿಲೆ, ತಲೆಗೆ ಬಿದ್ದ ಹಳೆಯ ಪೆಟ್ಟು, ಮದ್ಯ, ಬೇರೆ ಔಷಧಿಗಳು, ಇವನ್ನು ಯಾರಿಗೇ ಆದರೂ ನೋಡಲೇಬೇಕು. ಆದರೆ ಕಿವಿಯನ್ನು ಮರೆಯುವವರು ಜಾಸ್ತಿ. ಆಸ್ಟ್ರೇಲಿಯಾದ ದೂರದ ಸಮುದಾಯಗಳ ಮಕ್ಕಳಲ್ಲಿ ಮಧ್ಯ ಕಿವಿಯ ಸೋಂಕು ತುಂಬಾ ಹೆಚ್ಚು. ಅದರಿಂದ ಕಿವಿ ಮಂದವಾಗುತ್ತದೆ. ಕರೆದರೆ ತಿರುಗದ, ಹೇಳಿದ್ದು ಮಾಡದ, ತರಗತಿಯಲ್ಲಿ ಕೂರದ ಹುಡುಗನಿಗೆ 'ಗಮನದ ಕೊರತೆ', 'ಹಟಮಾರಿ', 'ಬುದ್ಧಿ ಮಂದ' ಅನ್ನುವ ಹಣೆಪಟ್ಟಿ ಬೀಳುತ್ತದೆ. ಶ್ರವಣ ಪರೀಕ್ಷೆ ಆಗದೆ ಮಕ್ಕಳಿಗೆ ಇಂಥ ಯಾವ ಹೆಸರನ್ನೂ ಇಡಬೇಡಿ.

ಹಂತ 7: ಈಗ ಫಾರಂ ಆರಿಸಿ

ಸ್ಕ್ರೀನಿಂಗ್ ಫಾರಂ ಅಂದರೆ ಜರಡಿ. ಕಾಯಿಲೆ ಇರಬಹುದಾದವರನ್ನು ಸೋಸಿ ತೆಗೆಯುತ್ತದೆ, ಅಷ್ಟೇ. ಅದರ ಅಂಕ ರೋಗನಿರ್ಣಯ ಆಗುವುದಿಲ್ಲ. ಯಾವ ಫಾರಂ ಎತ್ತಿಕೊಂಡರೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಈ ಜನರಲ್ಲಿ ವ್ಯಾಲಿಡೇಟ್ ಆಗಿದೆಯಾ? ಅಂದರೆ, ಇವರಲ್ಲೇ ಪರೀಕ್ಷಿಸಿ, ಸರಿಯಾಗಿ ಅಳೆಯುತ್ತದೆ ಅಂತ ತೋರಿಸಿದ್ದಾರಾ? ಬರೀ ಅನುವಾದ ಆಗಿದ್ದರೆ ಸಾಲದು.

ಖಿನ್ನತೆಗೆ ಎಲ್ಲ ಕಡೆ ಬಳಸುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ನಿಮಗೆ ಗೊತ್ತಿರುತ್ತದೆ. ಮಧ್ಯ ಆಸ್ಟ್ರೇಲಿಯಾದ ಅಬೊರಿಜಿನಲ್ ಗಂಡಸರ ಜೊತೆ ಕೂತು ಅದನ್ನು ಅವರ ಮಾತಿಗೆ ಒಗ್ಗಿಸಿದರು. ಮೂಲದಲ್ಲಿ 'ಖಿನ್ನತೆ, ನಿರಾಸೆ' ಅಂತಿರುವ ಕಡೆ ಒಗ್ಗಿಸಿದ ಫಾರಂ 'ನಿಮ್ಮ ಜೀವ ಸೊರಗಿದೆಯಾ' ಅನ್ನುವ ಅರ್ಥದಲ್ಲಿ ಕೇಳುತ್ತದೆ. ಅದರ ಹೆಸರು ಎಪಿಎಚ್‌ಕ್ಯೂ-9. ಆಮೇಲೆ ದೇಶದ ಬೇರೆ ಬೇರೆ ಕಡೆಯ 500 ಮೂಲನಿವಾಸಿಗಳಲ್ಲಿ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು.

ಬಾಣಂತಿಯರಿಗೆ ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿಯಲ್ಲಿ ಮಾಡಿದ ಮಾಪಕ ನನಗೆ ತುಂಬಾ ಇಷ್ಟ. 'ಕಿಂಬರ್ಲಿ ಮಮ್ಸ್ ಮೂಡ್ ಸ್ಕೇಲ್' ಅಂತ ಹೆಸರು. ಮೊದಲ ಭಾಗ, ಬಾಣಂತಿಯರ ಖಿನ್ನತೆ ಅಳೆಯಲು ಎಲ್ಲ ಕಡೆ ಬಳಸುವ ಎಡಿನ್‌ಬರೋ ಮಾಪಕದ ಪ್ರಶ್ನೆಗಳನ್ನು ಅಲ್ಲಿಯ ಹೆಂಗಸರ ಮಾತಿಗೆ ಇಳಿಸಿದ್ದು. ಎರಡನೇ ಭಾಗ ಹರಟೆ: ಮನೆ, ಸಂಸಾರ, ಆಸರೆ, ಚಿಂತೆ. ಅಪಾಯ ಎಷ್ಟು ಅನ್ನುವುದನ್ನು ಎರಡನ್ನೂ ಸೇರಿಸಿ ತೀರ್ಮಾನಿಸುತ್ತಾರೆ. ಅಂಕ ಒಂದೇ ಮಾತಾಡುವುದಿಲ್ಲ.

ಹದಿಹರೆಯದವರಿಗೆ ಪಶ್ಚಿಮ ಆಸ್ಟ್ರೇಲಿಯಾದ ನ್ಯಾಮಲ್ ಸಮುದಾಯದ ಸೈಕಾಲಜಿಸ್ಟ್ ಟ್ರೇಸಿ ವೆಸ್ಟರ್‌ಮನ್ ಮಾಡಿದ ಲಕ್ಷಣಗಳ ಪಟ್ಟಿ ಇದೆ. ಕೆನಡಾದ ಫಸ್ಟ್ ನೇಷನ್ಸ್ ಜನರಿಗೆ 'ನೇಟಿವ್ ವೆಲ್‌ನೆಸ್ ಅಸೆಸ್‌ಮೆಂಟ್' ಇದೆ. ಅದು ಕಾಯಿಲೆಗಿಂತ ಜಾಸ್ತಿ ಬಲವನ್ನು ಅಳೆಯುತ್ತದೆ: ಭರವಸೆ, ನನ್ನವರು ಅನ್ನುವ ಭಾವ, ಬಾಳಿನ ಅರ್ಥ, ಗುರಿ.

ವಯಸ್ಸಾದವರ ಮರೆವು ನೋಡುವಾಗ ಇನ್ನೂ ಹುಷಾರಾಗಿರಿ. ಎಂದಿನ ಪರೀಕ್ಷೆ ಇವತ್ತಿನ ತಾರೀಕು ಕೇಳುತ್ತದೆ, 100ರಿಂದ ಏಳೇಳು ಕಳೆಯಲು ಹೇಳುತ್ತದೆ. ಶಾಲೆಗೇ ಹೋಗದ, ಕ್ಯಾಲೆಂಡರ್ ಇಲ್ಲದೆ ಬದುಕಿದ ಹಿರಿಯರು ಅದರಲ್ಲಿ ಸೋತರೆ ಅದಕ್ಕೆ ಡಿಮೆನ್ಷಿಯಾ ಅನ್ನಲಾಗದು. ಕಿಂಬರ್ಲಿಯಲ್ಲೇ 45 ವರ್ಷ ದಾಟಿದವರಿಗೆ 'ಕೀಕಾ' ಅನ್ನುವ ಪರೀಕ್ಷೆ ಮಾಡಿದ್ದಾರೆ. ಅದರಲ್ಲಿ ಈಗ ಯಾವ ಕಾಲ ಅಂತ ಕೇಳುತ್ತಾರೆ. ಬಾಚಣಿಗೆ, ಬೆಂಕಿಪೊಟ್ಟಣದಂಥ ವಸ್ತುಗಳನ್ನು ಕಣ್ಣೆದುರು ಇಟ್ಟು, ಆಮೇಲೆ ನೆನಪಿದೆಯಾ ಅಂತ ನೋಡುತ್ತಾರೆ. ಕೆನಡಾದ ಮ್ಯಾನಿಟೌಲಿನ್ ದ್ವೀಪದ ಅನಿಶಿನಾಬೆ ಹಿರಿಯರ ಜೊತೆ ಕೂತು ಅದನ್ನು ಅಲ್ಲಿಗೂ ಒಗ್ಗಿಸಿದರು.

ಎಚ್ಚರಿಕೆ: ಒಂದು ಸಮುದಾಯದಲ್ಲಿ ವ್ಯಾಲಿಡೇಟ್ ಆದ ಫಾರಂ ಪಕ್ಕದ ಸಮುದಾಯಕ್ಕೆ ತಾನಾಗಿ ಒಪ್ಪುವುದಿಲ್ಲ. ಹೊಂದುವ ಫಾರಂ ಸಿಗದೇ ಇದ್ದರೆ ಇರುವುದನ್ನು ಮಾತಿಗೆ ದಾರಿಯಾಗಿ ಬಳಸಿ. 'ಈ ಜನರಲ್ಲಿ ಪರೀಕ್ಷಿಸಿಲ್ಲ' ಅಂತ ಅಂಕದ ಪಕ್ಕದಲ್ಲೇ ಬರೆಯಿರಿ.

ಹಂತ 8: ಕಾಯಿಲೆಯೋ, ದುಃಖವೋ, ಇನ್ನೇನೋ?

ಕಷ್ಟದ ಹಂತ ಇದು. ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಐವತ್ತು ದಾಟಿದ ಒಬ್ಬ ಹೆಂಗಸು. ಏಳು ತಿಂಗಳ ಹಿಂದೆ ತಮ್ಮ ತೀರಿಕೊಂಡ. ಸಂಜೆ ಹೊತ್ತು ಅವನು ಹೊರಗಿನಿಂದ ಕರೆದ ಹಾಗೆ ಕೇಳುತ್ತದೆ. ಅವನ ಹೆಸರನ್ನು ಅವರು ಬಾಯಲ್ಲಿ ಹೇಳುವುದಿಲ್ಲ. ತೋಳಿನ ಮೇಲೆ ಕೊಯ್ದ ಗುರುತುಗಳಿವೆ. ಕೆಲಸಕ್ಕೆ ಹೋಗುತ್ತಿಲ್ಲ.

ಪಟ್ಟಿ ಹಿಡಿದು ಕೂತವರಿಗೆ ಇದು ಧ್ವನಿ ಕೇಳುವ ಮನೋವಿಕಾರ, ಸ್ವಂತ ಮೈಗೆ ಗಾಯ ಮಾಡಿಕೊಳ್ಳುವುದು, ಖಿನ್ನತೆ. ಆದರೆ ಸತ್ತವರ ಧ್ವನಿ ಕೇಳುವುದು ಬಹಳ ಮೂಲನಿವಾಸಿ ಸಮುದಾಯಗಳಲ್ಲಿ ಸಹಜ. ಸತ್ತವರ ಹೆಸರು ಹೇಳದಿರುವುದು ಆಸ್ಟ್ರೇಲಿಯಾದ ಹಲವು ಕಡೆ ಕಟ್ಟುಪಾಡು. ಕೆಲವು ಸಮುದಾಯಗಳಲ್ಲಿ ಶೋಕದ ಆಚರಣೆಯಾಗಿ ಮೈ ಕೊಯ್ದುಕೊಳ್ಳುವುದೂ ಉಂಟು. ಹಾಗಂತ 'ಎಲ್ಲಾ ಸಂಪ್ರದಾಯ' ಅಂತ ಫೈಲ್ ಮುಚ್ಚಿದರೂ ತಪ್ಪೇ. ಆ ಗಾಯಗಳಲ್ಲಿ ಒಂದು ಮೊನ್ನೆಯದಾಗಿದ್ದರೆ?

ಹೀಗೆ ವಿಚಾರಿಸಿ. ಆ ಧ್ವನಿ ಕೇಳಿದಾಗ ಅವರಿಗೆ ಸಮಾಧಾನವೋ, ಭಯವೋ? ಅದು ಏನು ಹೇಳುತ್ತದೆ? ಸುಮ್ಮನೆ ಕರೆಯುತ್ತದಾ, "ನೀನೂ ಬಾ" ಅನ್ನುತ್ತದಾ? ಅವರ ಸಂಸಾರದಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿದೆಯಾ? ಗಾಯ ಆಚರಣೆಯ ದಿನದ್ದಾ, ಒಬ್ಬರೇ ಇದ್ದಾಗ ಮಾಡಿಕೊಂಡದ್ದಾ? ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಇದು ಅವರ ಸ್ವಂತ ಹಿರಿಯರಿಗೂ ವಿಚಿತ್ರ ಅನಿಸುತ್ತಿದೆಯಾ? ಒಪ್ಪಿಗೆ ಪಡೆದು ಆ ಹಿರಿಯರನ್ನೇ ಕೇಳಿ. "ಇದು ನಮ್ಮಲ್ಲಿ ಆಗುವುದೇ, ಶೋಕ ಮುಗಿಯಲಿ" ಅಂತ ಅವರು ಅಂದರೆ ಒಂದು ದಾರಿ. "ಇಲ್ಲ, ಇವಳು ಇವಳ ಹಾಗೆ ಇಲ್ಲ, ಏನೋ ಕೆಟ್ಟಿದೆ" ಅಂದರೆ ಇನ್ನೊಂದು ದಾರಿ. ಹೊರಗಿನವರಾದ ನಮಗೆ ಕಾಣದ ಗೆರೆ ಅವರಿಗೆ ಕಾಣುತ್ತದೆ.

ಶೋಕದ ಗಡುವಿನ ಮಾತೂ ಇದೆ. 'ದೀರ್ಘ ಶೋಕ' ಅನ್ನುವ ಕಾಯಿಲೆ ಈಗ ಎರಡೂ ಪಟ್ಟಿಗಳಲ್ಲಿದೆ. ಐಸಿಡಿ-11 ಕನಿಷ್ಠ ಆರು ತಿಂಗಳು ಅನ್ನುತ್ತದೆ. 2022ರ ಪರಿಷ್ಕೃತ ಡಿಎಸ್‌ಎಂ ದೊಡ್ಡವರಿಗೆ 12 ತಿಂಗಳು ಅನ್ನುತ್ತದೆ. ಹಾಗಾಗಿ ಈ ಹೆಂಗಸಿನ ಏಳು ತಿಂಗಳು ಒಂದರಲ್ಲಿ ಗಡುವು ದಾಟಿದೆ, ಇನ್ನೊಂದರಲ್ಲಿ ಇಲ್ಲ. ಆದರೆ ಒಂದು ಷರತ್ತು ಎರಡರಲ್ಲೂ ಇದೆ: ಶೋಕ ಆ ವ್ಯಕ್ತಿಯ ಸಂಸ್ಕೃತಿಯ ರೂಢಿಯನ್ನು ಮೀರಿರಬೇಕು. ತಿಂಗಳು ಎಣಿಸಿ ಈ ಷರತ್ತನ್ನು ಬಿಟ್ಟುಬಿಡುವವರು ಬಹಳ. ಒಂದು ಸಾವಿನ ದುಃಖ ಆರುವ ಮುಂಚೆ ಇನ್ನೊಂದು ಸಾವು ಬರುವ ಚಿಕ್ಕ ಸಮುದಾಯದಲ್ಲಿ ಎಣಿಕೆ ಶುರು ಮಾಡುವುದಾದರೂ ಯಾವ ದಿನದಿಂದ?

ಎಚ್ಚರಿಕೆ: ವಿಚಿತ್ರ ಹೆಸರುಗಳ ಮೋಹ ಬೇಡ. ಹಳೆಯ ಪುಸ್ತಕಗಳಲ್ಲಿ 'ಪಿಬ್ಲೊಕ್ಟೋಕ್' ಅನ್ನುವ ಆರ್ಕ್‌ಟಿಕ್ ಉನ್ಮಾದ ಸಿಗುತ್ತದೆ. 1994ರ ಡಿಎಸ್‌ಎಂ-4ರ ಪಟ್ಟಿಯಲ್ಲೂ ಇತ್ತು. ಇತಿಹಾಸಕಾರ ಲೈಲ್ ಡಿಕ್ 1995ರಲ್ಲಿ ಮೂಲ ದಾಖಲೆಗಳನ್ನು ಕೆದಕಿ, ಅದು ಹೊರಗಿನ ಅನ್ವೇಷಕರು ತಮ್ಮ ಕಣ್ಣಿಗೆ ಕಂಡ ಬಗೆಬಗೆಯ ವರ್ತನೆಗಳಿಗೆ ಅಂಟಿಸಿದ ಹೆಸರು ಅಂತ ತೋರಿಸಿದರು. ಡಿಎಸ್‌ಎಂ-5ರ ಪಟ್ಟಿಯಲ್ಲಿ ಅದು ಇಲ್ಲ. ಜನರು ತಾವೇ ಬಳಸದ ಪದವನ್ನು ಅವರ ಮೇಲೆ ಹೇರಬೇಡಿ.

ಹಂತ 9: ಹೆಸರಿಡುವುದು, ಬರೆಯುವುದು

ಕಾಯಿಲೆಯ ಹೆಸರಿನಿಂದ ಉಪಯೋಗವೂ ಇದೆ. ಔಷಧಿ, ಭತ್ಯೆ, ಶಾಲೆಯಲ್ಲಿ ಸಹಾಯ, ಎಷ್ಟೋ ಕಡೆ ಹೆಸರಿಲ್ಲದೆ ಇವು ಸಿಗುವುದಿಲ್ಲ. ಅದೇ ಹೆಸರು ನಾಳೆ ಮಕ್ಕಳ ಪಾಲನೆಯ ವಿಚಾರಣೆಯಲ್ಲಿ ತಾಯಿಯ ವಿರುದ್ಧವೂ ಎದ್ದು ನಿಲ್ಲಬಹುದು. ಎರಡನ್ನೂ ಅವರಿಗೆ ಬಿಚ್ಚಿ ಹೇಳಿ. ಈ ವರದಿ ಯಾರ ಕೈಗೆ ಹೋಗುತ್ತದೆ ಅಂತಲೂ ಹೇಳಿ. ಖಚಿತ ಇಲ್ಲದಿದ್ದರೆ 'ತಾತ್ಕಾಲಿಕ' ಅಂತ ಬರೆಯಲು ಡಿಎಸ್‌ಎಂನಲ್ಲೇ ಅವಕಾಶವಿದೆ. ಧಾರಾಳವಾಗಿ ಬಳಸಿ, ಮತ್ತೆ ನೋಡುವ ದಿನಾಂಕ ಹಾಕಿ.

ಬರೆಯುವಾಗ ಮೂರು ವಿಷಯ ಬೇರೆ ಬೇರೆ ಇಡಿ. ಅವರು ಹೇಳಿದ್ದು, ಅವರ ಮಾತಲ್ಲೇ. ಸಲಹೆಗಾರರು ಮತ್ತು ಹಿರಿಯರು ಹೇಳಿದ್ದು. ನೀವು ತಿಳಿದುಕೊಂಡದ್ದು. ಮೂರನ್ನೂ ಕಲಸಿ ಒಂದೇ ಪ್ಯಾರಾ ಮಾಡಿದರೆ ಮುಂದೆ ಓದುವವರಿಗೆ ಎಲ್ಲವೂ ಡಾಕ್ಟರ ಮಾತಾಗಿಯೇ ಕಾಣುತ್ತದೆ. ಚಿಕಿತ್ಸೆಯಲ್ಲೂ ಹೀಗೆಯೇ. ಸಾಂಪ್ರದಾಯಿಕ ವೈದ್ಯರ ಬಳಿ ಹೋಗುತ್ತೇನೆ ಅಂದರೆ ಅದನ್ನು ನಿಮ್ಮ ಚಿಕಿತ್ಸೆಯ ಎದುರಾಳಿ ಮಾಡಬೇಡಿ. ಔಷಧಿಗಳು ಒಂದಕ್ಕೊಂದು ತೊಂದರೆ ಕೊಡದಂತೆ ನೋಡಿಕೊಳ್ಳಿ, ಅಷ್ಟೇ. ತಮ್ಮ ಸಾಂಪ್ರದಾಯಿಕ ಔಷಧ ಮತ್ತು ಆರೋಗ್ಯ ಪದ್ಧತಿಗಳನ್ನು ಉಳಿಸಿಕೊಳ್ಳುವ ಹಕ್ಕು ಮೂಲನಿವಾಸಿಗಳಿಗಿದೆ ಅಂತ ವಿಶ್ವಸಂಸ್ಥೆಯ 2007ರ ಘೋಷಣೆಯ 24ನೇ ವಿಧಿ ಹೇಳುತ್ತದೆ.

ಮಾವೋರಿ ನರ್ಸ್ ಇರಿಹಪೆಟಿ ರಾಮ್ಸ್‌ಡೆನ್ 'ಕಲ್ಚರಲ್ ಸೇಫ್ಟಿ', ಅಂದರೆ ಸಾಂಸ್ಕೃತಿಕ ಸುರಕ್ಷತೆ ಅನ್ನುವ ವಿಚಾರವನ್ನು ನರ್ಸಿಂಗ್ ಶಿಕ್ಷಣಕ್ಕೆ ತಂದಾಗ ಒಂದು ಅಳತೆ ಇಟ್ಟರು. ಸೇವೆ ಸುರಕ್ಷಿತವಾಗಿತ್ತಾ ಅಂತ ತೀರ್ಮಾನಿಸುವುದು ಸೇವೆ ಪಡೆದವರು, ಕೊಟ್ಟವರಲ್ಲ. ಆದ್ದರಿಂದ ವರದಿ ಕಳಿಸುವ ಮುಂಚೆ ಒಂದು ಭೇಟಿ ಇದಕ್ಕಾಗಿಯೇ ಇಡಿ. ಬೇಕಾದವರನ್ನು ಜೊತೆಗೆ ಕರೆತರಲಿ. ನೀವು ಬರೆದದ್ದನ್ನು ಸರಳ ಮಾತಲ್ಲಿ, ನಿಧಾನವಾಗಿ ಓದಿ ಹೇಳಿ. ದುಭಾಷಿ ಇದ್ದರೆ ಒಂದೊಂದು ಪ್ಯಾರಾಕ್ಕೂ ನಿಲ್ಲಿಸಿ. ಅವರು "ಇದು ಹೀಗಲ್ಲ" ಅಂದ ಕಡೆ ಅವರ ಎದುರಲ್ಲೇ ತಿದ್ದಿ, ತಿದ್ದಿದ ದಿನಾಂಕ ಬರೆಯಿರಿ, ಒಂದು ಪ್ರತಿ ಅವರ ಕೈಗೆ ಕೊಡಿ.